ಕೆಲಸ ಬಿಡದೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವುದು: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ದಾರಿ

"ಮನೆಯಲ್ಲೇ ಕೂತು ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮಾಡಿ, ಪರೀಕ್ಷೆಗೆ ಮಾತ್ರ ಬಂದರೆ ಸಾಕು" ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡುವ ಮೊದಲು ಒಂದು ವಿಷಯ ಗೊತ್ತಿರಲಿ. ಅಂಚೆ ಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದ ಕೋರ್ಸ್‌ಗಳ ಪಟ್ಟಿಯೊಂದನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಆಯೋಗ, ಇಟ್ಟಿದೆ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಇರುವ ಆ ಪಟ್ಟಿಯಲ್ಲೇ ಹೋಟೆಲ್ ಮ್ಯಾನೇಜ್‌ಮೆಂಟ್, ಕೇಟರಿಂಗ್ ಟೆಕ್ನಾಲಜಿ, ಕ್ಯುಲಿನರಿ ಸೈನ್ಸ್ ಮೂರೂ ಇವೆ. ಹಾಗಾಗಿ ಇವತ್ತು ದೇಶದ ಯಾವ ವಿಶ್ವವಿದ್ಯಾಲಯವೂ ಈ ಹೆಸರಿನ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಕೊಟ್ಟರೆ ಆ ಕಾಗದಕ್ಕೆ ಬೆಲೆಯಿಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ದೊಡ್ಡ ಪರಂಪರೆಯೇ ಮುಂಬೈ ಕನ್ನಡಿಗರಲ್ಲಿದೆ. ಈಗಿನ ದಾರಿ ಸ್ವಲ್ಪ ಬೇರೆ, ಅಷ್ಟೆ. ಕಾನೂನು ಒಪ್ಪುವ ಒಂದು ದೂರಶಿಕ್ಷಣ ಪದವಿ, ಕೈಕೆಲಸಕ್ಕೆ ಸರ್ಟಿಫಿಕೇಟು, ಮತ್ತು ನೀವು ದುಡಿಯುವ ಹೋಟೆಲನ್ನೇ ಪ್ರಯೋಗಶಾಲೆ ಮಾಡಿಕೊಂಡು ಬರೆದಿಟ್ಟ ಲೆಕ್ಕದ ಪುಸ್ತಕ, ಈ ಮೂರನ್ನೂ ಸೇರಿಸಿಕೊಂಡರೆ ಮ್ಯಾನೇಜರ್ ಕುರ್ಚಿಗೆ ಬೇಕಾದ ಓದು ಆಗುತ್ತದೆ. ಮೂರರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಕೊನೆಯದನ್ನು. ಸಂದರ್ಶನದಲ್ಲಿ ಕೆಲಸಕ್ಕೆ ಬರುವುದೂ ಅದೇ.

ಈ ದಾರಿ ಯಾರಿಗಲ್ಲ

ಪಿಯುಸಿ ಈಗಷ್ಟೇ ಮುಗಿಸಿ, ಮನೆಗೆ ದುಡಿದು ಹಾಕಲೇಬೇಕೆಂಬ ಒತ್ತಡ ಇಲ್ಲದವರು ಇದನ್ನು ಹಿಡಿಯಬೇಡಿ. ಎನ್‌ಸಿಎಚ್‌ಎಂ ಜೆಇಇ ಪ್ರವೇಶ ಪರೀಕ್ಷೆ ಬರೆದು ಐಎಚ್‌ಎಂ, ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವ ಸರ್ಕಾರಿ ಸಂಸ್ಥೆ, ಸೇರಿಕೊಳ್ಳಿ. ದಾದರಿನ ಐಎಚ್‌ಎಂ 1954ರಲ್ಲಿ ಶುರುವಾದದ್ದು, ಗೋವಾದ ಐಎಚ್‌ಎಂ ಪರ್ವರಿಯಲ್ಲಿದೆ. ಮೂರು ವರ್ಷ ಅಡುಗೆಮನೆ, ಸರ್ವಿಸ್, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ನಾಲ್ಕರಲ್ಲೂ ಕೈ ಆಡಿಸಿ, ನಡುವೆ ದೊಡ್ಡ ಹೋಟೆಲೊಂದರಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು ಬರುವುದಕ್ಕೆ ದೂರಶಿಕ್ಷಣ ಸಾಟಿಯಲ್ಲ. ಸ್ಟಾರ್ ಹೋಟೆಲಿನ ಮ್ಯಾನೇಜ್‌ಮೆಂಟ್ ಟ್ರೇನಿ ಹುದ್ದೆಗೆ, ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಆ ರೆಗ್ಯುಲರ್ ಪದವಿಯನ್ನೇ ಕೇಳುತ್ತಾರೆ.

ಕ್ಯಾಪ್ಟನ್, ಸಪ್ಲೈಯರ್, ಗಲ್ಲೆಯಲ್ಲಿ ಕೂರುವವರು, ಸ್ಟೋರ್ ನೋಡಿಕೊಳ್ಳುವವರು, ಅಡುಗೆ ಭಟ್ಟರ ಕೈಕೆಳಗೆ ನಾಲ್ಕಾರು ವರ್ಷ ಪಳಗಿದವರು, ಸೇಠರ ಮಗನೋ ಅಳಿಯನೋ ಆಗಿ ಹೋಟೆಲ್ ವಹಿಸಿಕೊಳ್ಳಬೇಕಾದವರು, ಇವರಿಗಾಗಿಯೇ ಮುಂದಿನದು.

ಹತ್ತನೆಯದಕ್ಕೇ ಊರು ಬಿಟ್ಟವರು ಮೊದಲು ಹನ್ನೆರಡು ಮುಗಿಸಿ

ಎಸ್ಸೆಸ್ಸೆಲ್ಸಿ ಆದ ಮೇಲೆ ರೈಲು ಹತ್ತಿದವರು ಬಹಳ ಮಂದಿ. ಅವರಿಗೆ ನೇರ ದಾರಿ ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲೆ. ಇಲ್ಲಿ ಹನ್ನೆರಡನೆಯದಕ್ಕೆ ಐದು ವಿಷಯ ಸಾಕು, ಒಂದು ಭಾಷೆ ಇರಬೇಕು. ಒಮ್ಮೆ ಸೇರಿದರೆ ಐದು ವರ್ಷ ಅವಧಿ. ಅದರೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಸಾರ್ವಜನಿಕ ಪರೀಕ್ಷೆ. ಪಾಸಿಗೆ 33 ಅಂಕ. ಒಂದು ಸಲಕ್ಕೆ ಎರಡೇ ವಿಷಯ ಬರೆದರೂ ಅಂಕ ಉಳಿದುಕೊಳ್ಳುತ್ತದೆ, ಐದನ್ನೂ ಒಟ್ಟಿಗೆ ಕಟ್ಟಬೇಕಿಲ್ಲ. ವಿಷಯಪಟ್ಟಿಯಲ್ಲಿ ಹೋಟೆಲಿಗೆ ಹತ್ತಿರದ ವೃತ್ತಿ ವಿಷಯಗಳಿದ್ದರೆ ಒಂದನ್ನು ತೆಗೆದುಕೊಳ್ಳಿ. ಎಲ್ಲವನ್ನೂ ಅದರಲ್ಲೇ ತುಂಬಬೇಡಿ. ಪದವಿಗೆ ಹೋಗುವಾಗ ಇಂಗ್ಲಿಷ್ ಮತ್ತು ಅಕೌಂಟೆನ್ಸಿ ಓದಿದವರಿಗೆ ಅರ್ಧ ಹೊರೆ ಇಳಿದಿರುತ್ತದೆ.

ಇಲ್ಲಿ ಜಾರುವುದು ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟಿನಲ್ಲಿ, ಅಂದರೆ ಮನೆಯಲ್ಲಿ ಬರೆದು ಕೊಡಬೇಕಾದ ಉತ್ತರಗಳಲ್ಲಿ. ಶೇ. 20 ಅಂಕ ಅದಕ್ಕಿದೆ. ಪರೀಕ್ಷೆಗೆ ಓದಿದರೆ ಸಾಕೆಂದು ಅದನ್ನು ಕೊಡದೆ ಬಿಟ್ಟವರು 80ರಲ್ಲೇ ಎಲ್ಲ ದುಡಿಯಬೇಕಾಗುತ್ತದೆ.

ಯಾವ ಪದವಿ

ಮೊದಲು ನೋಡಬೇಕಾದದ್ದು ಇಗ್ನೋ. 1985ರಲ್ಲಿ ಶುರುವಾದ ಕೇಂದ್ರ ವಿಶ್ವವಿದ್ಯಾಲಯ. ಮುಂಬೈ, ಪುಣೆ, ಪಣಜಿ ಮೂರೂ ಕಡೆ ಪ್ರಾದೇಶಿಕ ಕೇಂದ್ರಗಳಿವೆ. ಕೆಲಸ ಬದಲಾಗಿ ವಡಾಲದಿಂದ ಮಡಗಾಂವಿಗೆ ಹೋದರೂ ಓದು ನಿಲ್ಲುವುದಿಲ್ಲ, ಅಧ್ಯಯನ ಕೇಂದ್ರ ಬದಲಿಸಿಕೊಳ್ಳಬಹುದು. ಹೋಟೆಲ್ ನೌಕರರಿಗೆ ಇದು ಸಣ್ಣ ಅನುಕೂಲವಲ್ಲ. ಅಲ್ಲಿ ಪ್ರವಾಸೋದ್ಯಮ ಅಧ್ಯಯನದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ, ಪದವಿ, ಸ್ನಾತಕೋತ್ತರ ಹಂತದವರೆಗೆ ಕೋರ್ಸ್‌ಗಳಿವೆ. ಅಡುಗೆಮನೆಯ ಕಡೆಯವರಿಗೆ ಆಹಾರ ಮತ್ತು ಪೌಷ್ಟಿಕತೆಯ ಸರ್ಟಿಫಿಕೇಟ್ ಕೋರ್ಸಿದೆ; ವಿಜ್ಞಾನ ಪದವೀಧರರಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿರ್ವಹಣೆಯ ಪಿಜಿ ಡಿಪ್ಲೊಮಾ ಇದೆ.

ಎರಡನೆಯದು ಮುಂಬೈ ವಿಶ್ವವಿದ್ಯಾಲಯದ ದೂರಶಿಕ್ಷಣ ವಿಭಾಗ. ಹಳಬರು ಐಡಾಲ್ ಎಂದೇ ಕರೆಯುವ ಅದು ಕಲೀನಾದಲ್ಲಿದೆ. ಅಲ್ಲಿ ಬಿ.ಕಾಂ. ಮಾಡಬಹುದು. ಹೋಟೆಲಿಗೂ ಬಿ.ಕಾಂ.ಗೂ ಏನು ಸಂಬಂಧ ಎಂದು ಕೇಳಬೇಡಿ. ಹೋಟೆಲುಗಳು ಮುಚ್ಚುವುದು ಸಾಂಬಾರು ಕೆಟ್ಟದ್ದರಿಂದಲ್ಲ, ಬಾಡಿಗೆ, ಗ್ಯಾಸು, ಸಂಬಳ, ಜಿಎಸ್‌ಟಿ ಲೆಕ್ಕ ತಪ್ಪಿದ್ದರಿಂದ. ಸ್ವಂತ ಹೋಟೆಲ್ ಹಾಕುವ ಯೋಚನೆ ಇರುವವರಿಗೆ ಪ್ರವಾಸೋದ್ಯಮದ ಪದವಿಗಿಂತ ಬಿ.ಕಾಂ. ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಲಾಡ್ಜಿಂಗ್, ರೆಸಾರ್ಟ್, ಟ್ರಾವೆಲ್ ಕಡೆ ಹೋಗುವವರು, ಮುಖ್ಯವಾಗಿ ಗೋವಾದಲ್ಲಿರುವವರು, ಪ್ರವಾಸೋದ್ಯಮ ಆರಿಸಿಕೊಳ್ಳಲಿ.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಓದಬಹುದಲ್ಲ ಎಂಬ ಆಸೆ ಸಹಜ. ರಾಜ್ಯದ ವಿಶ್ವವಿದ್ಯಾಲಯಗಳು ದೂರಶಿಕ್ಷಣವನ್ನು ತಮ್ಮ ರಾಜ್ಯದೊಳಗೆ ಮಾತ್ರ ನಡೆಸಬಹುದು ಎಂಬುದು ಈಗಿನ ನಿಯಮ. ಆನ್‌ಲೈನ್ ಕೋರ್ಸುಗಳಿಗೆ ಮಾತ್ರ ಆ ಗಡಿ ಇಲ್ಲ. ಆದ್ದರಿಂದ ಮುಂಬೈಯಲ್ಲಿ "ಕರ್ನಾಟಕದ ಓಪನ್ ಯೂನಿವರ್ಸಿಟಿ ಸೆಂಟರ್" ಎಂದು ಬೋರ್ಡು ಕಂಡರೆ ದೂರದಿಂದಲೇ ನಮಸ್ಕಾರ ಹೇಳಿ. ಊರಿಗೆ ಹೋಗಿ ಪರೀಕ್ಷೆ ಬರೆದು ಬರುವುದಾದರೆ ಆ ಮಾತು ಬೇರೆ. ವರ್ಷಕ್ಕೆರಡು ಸಲ ಅಷ್ಟು ರಜೆ ಕೊಡುವ ಸೇಠರು ಸಿಗಬೇಕು.

ಮಾನ್ಯತೆ ನೋಡುವ ರೀತಿ

ಯುಜಿಸಿಯ ಡಿಇಬಿ, ಅಂದರೆ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಪ್ರತಿ ವರ್ಷದ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯದ ಹೆಸರು ಕಂಡ ಕೂಡಲೇ ಮೊಬೈಲು ಕೆಳಗಿಡಬೇಡಿ. ಮೂರು ಸಂಗತಿ ಒಟ್ಟಿಗೆ ಹೊಂದಬೇಕು: ವಿಶ್ವವಿದ್ಯಾಲಯ, ಕೋರ್ಸಿನ ಹೆಸರು ಅಕ್ಷರಶಃ, ಮತ್ತು ನೀವು ಸೇರುವ ಸೆಷನ್. ಕಳೆದ ವರ್ಷ ಮಾನ್ಯತೆ ಇದ್ದು ಈ ವರ್ಷ ಇಲ್ಲದಿರುವುದು, ಬಿ.ಎ.ಗೆ ಇದ್ದು ಬಿ.ಬಿ.ಎ.ಗೆ ಇಲ್ಲದಿರುವುದು ಎಲ್ಲ ಉಂಟು.

ಏಜೆಂಟರ ಮಾತಿನಲ್ಲಿ ಈ ಸುಳಿವುಗಳಿದ್ದರೆ ಎದ್ದು ಬನ್ನಿ: ಒಂದೇ ವರ್ಷದಲ್ಲಿ ಪದವಿ, ಹಿಂದಿನ ದಿನಾಂಕ ಹಾಕಿದ ಅಂಕಪಟ್ಟಿ, ಪರೀಕ್ಷೆ ಬೇರೆಯವರು ಬರೆಯುತ್ತಾರೆ, ಶುಲ್ಕ ನಗದಾಗಿ ಅಥವಾ ವ್ಯಕ್ತಿಯ ಹೆಸರಿನ ಯುಪಿಐಗೆ. ಪದವಿಗೆ ಕನಿಷ್ಠ ಮೂರು ವರ್ಷ ಬೇಕೇ ಬೇಕು. ಪ್ರವೇಶ ಶುಲ್ಕವನ್ನು ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲೇ ಕಟ್ಟಬೇಕು.

ಖಾಸಗಿ ಸಂಸ್ಥೆಗಳ "ದೂರಶಿಕ್ಷಣ ಡಿಪ್ಲೊಮಾ"ದ ಕಥೆ ಬೇರೆ. ಅವು ಯುಜಿಸಿ ವ್ಯಾಪ್ತಿಗೆ ಬರುವುದಿಲ್ಲ, ಕಾನೂನುಬಾಹಿರವೂ ಅಲ್ಲ. ಪದವಿಗೆ ಸಮವೂ ಅಲ್ಲ. ನೀವು ಮುಂದೆ ಕೆಲಸ ಕೇಳಬೇಕೆಂದಿರುವ ಎರಡು ಹೋಟೆಲಿನ ಎಚ್‌ಆರ್ ಬಳಿ ಆ ಹೆಸರು ಹೇಳಿ, ಅವರಿಗೆ ಗೊತ್ತಿದೆಯೇ ಎಂದು ಕೇಳಿ. ಗೊತ್ತಿಲ್ಲ ಎಂದರೆ ಅಷ್ಟೇ ಬೆಲೆ.

ಸೇರುವಾಗ ತಡೆಯುವ ಕಲ್ಲುಗಳು

2024ರಿಂದ ದೂರಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬರಿಗೂ ಡಿಇಬಿ ಐಡಿ ಕಡ್ಡಾಯ. ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಖಾತೆಯ ನಂಬರು) ಮಾಡಿಕೊಳ್ಳಬೇಕು, ಅದನ್ನು ಹಾಕಿ ಡಿಇಬಿ ಜಾಲತಾಣದಲ್ಲಿ ಡಿಇಬಿ ಐಡಿ ಪಡೆಯಬೇಕು, ಆಮೇಲೆ ವಿಶ್ವವಿದ್ಯಾಲಯದ ಅರ್ಜಿ. ಹೇಳಲು ಹತ್ತು ನಿಮಿಷದ ಕೆಲಸ. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ.

ಒಂದು, ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು. ಊರಲ್ಲಿ ಆಧಾರ್ ಮಾಡಿಸುವಾಗ ಕೊಟ್ಟ ಸಿಮ್ಮು ಯಾವತ್ತೋ ಹೋಗಿರುತ್ತದೆ, ಒಟಿಪಿ ಬರುವುದಿಲ್ಲ. ಹತ್ತಿರದ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಈಗಿನ ನಂಬರು ಹಾಕಿಸಿಕೊಳ್ಳಿ. ಪ್ರವೇಶದ ಕೊನೆಯ ವಾರದಲ್ಲಿ ಹೋದರೆ ಬದಲಾಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಎರಡು, ಹೆಸರು. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ರಮೇಶ ಎಸ್." ಎಂದಿರುತ್ತದೆ. ಮುಂಬೈಗೆ ಬಂದ ಮೇಲೆ ತಿದ್ದಿಸಿದ ಆಧಾರಿನಲ್ಲಿ ಅದೇ ಹುಡುಗ "ರಮೇಶ್ ಶಂಕರ್ ಪೂಜಾರಿ" ಆಗಿರುತ್ತಾನೆ. ಇಲ್ಲಿ ತಂದೆಯ ಹೆಸರು, ಮನೆತನದ ಹೆಸರು ಸೇರಿಸುವುದು ವಾಡಿಕೆ. ಕಂಪ್ಯೂಟರಿಗೆ ಮಾತ್ರ ಇವರು ಇಬ್ಬರು. ಅಂಕಪಟ್ಟಿಯನ್ನು ತಿದ್ದಿಸಲು ಹೋದರೆ ಊರಿನ ಶಾಲೆ, ಮಂಡಳಿ ಎಂದು ತಿಂಗಳುಗಟ್ಟಲೆ ಅಲೆದಾಟ. ಆಧಾರನ್ನೇ ಅಂಕಪಟ್ಟಿಗೆ ಹೊಂದಿಸುವುದು ಸುಲಭ. ಆದರೆ ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಪಾಸ್‌ಪೋರ್ಟ್, ಪಾನ್ ಎಲ್ಲವನ್ನೂ ಎದುರಿಗಿಟ್ಟು ಒಂದು ರೂಪ ನಿಶ್ಚಯಿಸಿಕೊಂಡು ಹೋಗಿ.

ಇಗ್ನೋಗೆ ಜನವರಿ ಮತ್ತು ಜುಲೈ ಎರಡು ಸೆಷನ್‌ನಲ್ಲಿ ಪ್ರವೇಶ. ವಿಳಾಸಕ್ಕೆ ಹೋಟೆಲಿನ ಕ್ವಾರ್ಟರ್ಸ್ ಕೊಡುವುದಕ್ಕಿಂತ, ಕೆಲಸ ಬದಲಾದರೂ ಬದಲಾಗದ ಬಂಧುಗಳ ಮನೆ ಕೊಡುವುದು ಒಳ್ಳೆಯದು. ಅಂಕಪಟ್ಟಿ ಬರುವುದೂ ಅದೇ ವಿಳಾಸಕ್ಕೆ.

ವೇಳೆಯ ಲೆಕ್ಕ

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಆರು ಕ್ರೆಡಿಟ್ಟಿನ ಒಂದು ಪೇಪರಿಗೆ 180 ಗಂಟೆ. ಹೋಟೆಲಿನಲ್ಲಿ ದುಡಿಯುವವರಿಗೆ ಓದಲು ಸಿಗುವುದು ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ಚಹಾ-ತಿಂಡಿ ಶುರುವಾಗುವ ನಡುವಿನ ಹೊತ್ತು. ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ಗಂಟೆ ಓದಿದರೆ ಒಂದು ಪೇಪರಿಗೆ 36 ವಾರ. ಮೂರು ವರ್ಷದ ಪದವಿ 120 ಕ್ರೆಡಿಟ್ ಎಂದರೆ 3,600 ಗಂಟೆ. ಮೂರೇ ವರ್ಷಕ್ಕೆ ಮುಗಿಸಲು ವಾರಕ್ಕೆ 23 ಗಂಟೆ ಬೇಕು. ಹತ್ತು-ಹನ್ನೆರಡು ತಾಸು ನಿಂತು ಕೆಲಸ ಮಾಡುವವರಿಗೆ ಇದು ಆಗುವ ಮಾತಲ್ಲ. ಪದವಿಗೆ ಗರಿಷ್ಠ ಆರು ವರ್ಷ ಸಮಯ ಇದೆ. ಐದು ವರ್ಷದ ಯೋಜನೆ ಹಾಕಿಕೊಳ್ಳಿ, ಆಗ ವಾರಕ್ಕೆ ಸುಮಾರು 14 ಗಂಟೆ ಸಾಕು. ಕೆಲಸದಿಂದಲೇ ಬಂದ ತಿಳಿವಳಿಕೆ ಕೆಲವು ಪೇಪರಿನ ಗಂಟೆಗಳನ್ನು ಉಳಿಸುತ್ತದೆ, ಎಲ್ಲ ಪೇಪರಿನದ್ದನ್ನಲ್ಲ.

ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಇಲ್ಲೇ ಊರಿನ ಲೆಕ್ಕ ಬರುತ್ತದೆ. ಗೋವಾದಲ್ಲಿ ಡಿಸೆಂಬರ್ ಎಂದರೆ ಸೀಸನ್ನಿನ ನೆತ್ತಿ, ಆಗ ರಜೆ ಕೇಳಿದರೆ ಕೆಲಸವೇ ಹೋದೀತು. ಅಲ್ಲಿರುವವರು ಕಷ್ಟದ ಪೇಪರುಗಳನ್ನೆಲ್ಲ ಮಳೆಗಾಲ ಹಿಡಿಯುವ ಜೂನ್‌ಗೆ ಹಾಕಿ, ಡಿಸೆಂಬರ್‌ಗೆ ಒಂದೋ ಎರಡೋ ಇಟ್ಟುಕೊಳ್ಳಿ. ಮುಂಬೈ, ಪುಣೆಯಲ್ಲಿ ತೊಂದರೆ ಜೂನ್‌ದು. ಮೇ ತಿಂಗಳಲ್ಲಿ ಅರ್ಧ ಸ್ಟಾಫ್ ಊರಿಗೆ ಹೋಗಿರುತ್ತದೆ. ನೀವೂ ಮೇನಲ್ಲಿ ಊರಿಗೆ ಹೋಗಿ ಬಂದು ಮತ್ತೆ ಜೂನ್‌ನಲ್ಲಿ ರಜೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಪರೀಕ್ಷೆ ಇರುವ ವರ್ಷ ಊರಿನ ರಜೆಯನ್ನು ಗಣಪತಿ ಹಬ್ಬದ ಕಡೆಗೆ ದೂಡಿ.

ಇಗ್ನೋದ ಬಹುತೇಕ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಇಲ್ಲಿ ಆಗುವ ತಪ್ಪುಗಳು ಗೊತ್ತಿರುವಂಥವೇ: ಗೆಳೆಯನ ಹಳೆಯ ಪ್ರಶ್ನೆಪತ್ರಿಕೆ ನೋಡಿ ಉತ್ತರ ಬರೆಯುವುದು (ಪ್ರತಿ ಸೆಷನ್‌ಗೂ ಪ್ರಶ್ನೆ ಬೇರೆ, ಹಳೆಯದನ್ನು ತಿರಸ್ಕರಿಸುತ್ತಾರೆ), ಎಲ್ಲ ಪೇಪರಿನ ಉತ್ತರವನ್ನು ಒಂದೇ ಕಟ್ಟಾಗಿ ಹೊಲಿಯುವುದು, ಕೊಟ್ಟದ್ದಕ್ಕೆ ರಸೀತಿ ಇಟ್ಟುಕೊಳ್ಳದಿರುವುದು. ಪರೀಕ್ಷೆಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ ಇದೆ. ಪ್ರವೇಶ ಶುಲ್ಕದಲ್ಲೇ ಬಂತು ಎಂದುಕೊಂಡವರಿಗೆ ಹಾಲ್ ಟಿಕೆಟ್ ಬರುವುದಿಲ್ಲ. ಎರಡನೇ ವರ್ಷಕ್ಕೆ ಮರು ನೋಂದಣಿಯನ್ನೂ ನೀವೇ ನೆನಪಿಟ್ಟು ಮಾಡಬೇಕು.

ಪಾಠಪುಸ್ತಕಗಳು ಇಗ್ನೋದ ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತವೆ. ಸೇರುವ ಮೊದಲೇ ಒಂದು ಘಟಕ ಇಳಿಸಿಕೊಂಡು ಓದಿ ನೋಡಿ. ಕನ್ನಡ ಮಾಧ್ಯಮದವರಿಗೆ ಓದುವುದಕ್ಕಿಂತ ಬರೆಯುವುದು ಕಷ್ಟ. ಮುಂಬೈ ಹಿಂದಿ ನಾಲಗೆಯಲ್ಲಿ ಹರಿದಾಡಿದರೂ ಹಿಂದಿಯಲ್ಲಿ ಮೂರು ಗಂಟೆ ಪರೀಕ್ಷೆ ಬರೆಯುವುದು ಬೇರೆಯೇ ಕಸರತ್ತು; ಇಂಗ್ಲಿಷನ್ನೇ ಹಿಡಿಯಿರಿ. ವಾರಕ್ಕೊಂದು ಉತ್ತರ, ಕೈಬರಹದಲ್ಲಿ, ಗಡಿಯಾರ ಇಟ್ಟುಕೊಂಡು ಬರೆಯಿರಿ.

ಹೋಟೆಲೇ ಪ್ರಯೋಗಶಾಲೆ

ಒಂದು ಗಟ್ಟಿ ರಟ್ಟಿನ ಪುಸ್ತಕ, ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಚುಚ್ಚಿ ನೋಡುವ ಥರ್ಮಾಮೀಟರ್. ಇಷ್ಟು ಸಾಕು. ಮೊದಲು ಮ್ಯಾನೇಜರಿಗೋ ಸೇಠರಿಗೋ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಗುಟ್ಟಾಗಿ ಸ್ಟೋರ್ ಲೆಕ್ಕ ಬರೆದುಕೊಳ್ಳುವ ಹುಡುಗನ ಮೇಲೆ ಅನುಮಾನ ಬರದೆ ಇರದು.

ಮೊದಲ ತಿಂಗಳು ಫುಡ್ ಕಾಸ್ಟ್, ಅಂದರೆ ಮಾರಾಟದ ದುಡ್ಡಿನಲ್ಲಿ ಅಡುಗೆ ಸಾಮಾನಿನ ಪಾಲು. ತಿಂಗಳ ಮೊದಲ ದಿನ ಬೆಳಿಗ್ಗೆ ಸ್ಟೋರಿನಲ್ಲಿದ್ದ ಸಾಮಾನಿನ ಬೆಲೆ, ಅದಕ್ಕೆ ತಿಂಗಳ ಖರೀದಿ ಕೂಡಿಸಿ, ಕೊನೆಯ ದಿನ ಉಳಿದದ್ದನ್ನು ಕಳೆಯಿರಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಆರಂಭದಲ್ಲಿ 85,000, ಖರೀದಿ 4,20,000, ಕೊನೆಗೆ 75,000. ಖರ್ಚಾದದ್ದು 4,30,000. ಬಿಲ್ಲಿಂಗ್ ಯಂತ್ರ ತಿಂಗಳ ಮಾರಾಟ 13,65,000 ಎಂದು ತೋರಿಸುತ್ತದೆ. ಇಲ್ಲಿ ಎರಡು ಗುಂಡಿಗಳಿವೆ. ಆ ಮೊತ್ತದಲ್ಲಿ ಶೇ. 5 ಜಿಎಸ್‌ಟಿ ಸೇರಿದೆ, ಅದು ನಿಮ್ಮ ದುಡ್ಡಲ್ಲ, 1.05ರಿಂದ ಭಾಗಿಸಿದರೆ ನಿಜವಾದ ಮಾರಾಟ 13,00,000. ಇನ್ನು, ಎರಡು ಹೊತ್ತು ಊಟ, ತಿಂಡಿ, ಚಹಾ ಎಲ್ಲ ಸ್ಟಾಫಿಗೆ ಹೋಟೆಲಿನದ್ದೇ. ಅದು 30,000 ಆಯಿತೆನ್ನಿ. ಅದನ್ನು ಸಂಬಳದ ಖರ್ಚಿಗೆ ಬರೆದರೆ ಗಿರಾಕಿಗೆ ಹೋದ ಸಾಮಾನು 4,00,000. ಫುಡ್ ಕಾಸ್ಟ್ ಶೇ. 30.8. ಸ್ಟಾಫ್ ಊಟ ಕಳೆಯದಿದ್ದರೆ ಶೇ. 33 ಬರುತ್ತದೆ, ಆಗ ಮ್ಯಾನೇಜರ್ ಸುಮ್ಮನೆ ಭಟ್ಟರ ಮೇಲೆ ಹಾರಾಡುತ್ತಾನೆ.

ಎರಡನೇ ತಿಂಗಳು ಸೋಸಿದ ಮೇಲೆ ಉಳಿಯುವ ತೂಕ, ಪುಸ್ತಕದಲ್ಲಿ ಯೀಲ್ಡ್ ಎನ್ನುವುದು. ಹತ್ತು ಕಿಲೊ ಈರುಳ್ಳಿ 30 ರೂಪಾಯಿಯಂತೆ 300. ಸಿಪ್ಪೆ, ತುದಿ, ಕೊಳೆತದ್ದು ತೆಗೆದು 8.8 ಕಿಲೊ ಉಳಿದರೆ ನಿಮ್ಮ ಈರುಳ್ಳಿಯ ನಿಜವಾದ ದರ ಕಿಲೊಗೆ 34 ರೂಪಾಯಿ. ಮಳೆಗಾಲದಲ್ಲಿ ವಾಶಿ ಮಾರ್ಕೆಟಿನಿಂದ ಬಂದ ಒದ್ದೆ ಚೀಲದಲ್ಲಿ ಇದನ್ನೇ ಮತ್ತೆ ಮಾಡಿ ನೋಡಿ. ಅಗ್ಗವೆಂದು ತಂದದ್ದು ದುಬಾರಿಯಾಗಿರುತ್ತದೆ. ಕೊತ್ತಂಬರಿ ಕಂತೆ, ತೆಂಗಿನಕಾಯಿ, ಹೂಕೋಸು ಮೂರಕ್ಕೂ ಹೀಗೇ ತೂಗಿ ಬರೆದಿಡಿ.

ಮೂರನೆಯದು ಅಳತೆಯ ರೆಸಿಪಿ. ಭಟ್ಟರ ಕೈಯಳತೆಯನ್ನು ಗ್ರಾಮಿಗೆ ಇಳಿಸುವುದು ನಾಜೂಕಿನ ಕೆಲಸ. ಅವರ ಎದುರು ತಕ್ಕಡಿ ಹಿಡಿದು ನಿಂತರೆ ಸಿಟ್ಟಾಗುತ್ತಾರೆ. ಹಾಕುವ ಮೊದಲು ಡಬ್ಬಿ ತೂಗಿ, ಹಾಕಿದ ಮೇಲೆ ಡಬ್ಬಿ ತೂಗಿ, ವ್ಯತ್ಯಾಸವೇ ಅಳತೆ. ದೋಸೆ ಹಿಟ್ಟಿನಿಂದ ಶುರು ಮಾಡಿ. ರುಬ್ಬಿದ ಹಿಟ್ಟು ಮೂರು ಕಿಲೊ ಆಯಿತು, ಒಂದು ದೋಸೆಗೆ 100 ಗ್ರಾಂ ಎಂದು ನಿಶ್ಚಯವಾಗಿದೆ ಎನ್ನಿ. ಮೂವತ್ತು ದೋಸೆ ಬರಬೇಕು. ಇಪ್ಪತ್ತಾರೇ ಬಂದರೆ ಒಂದೊಂದಕ್ಕೆ 115 ಗ್ರಾಂ ಹೋಗಿದೆ. ಸೌಟು ದೊಡ್ಡದಿದೆಯೇ, ಹಿಟ್ಟು ಗಟ್ಟಿಯಾಗಿದೆಯೇ, ಮೊದಲ ಎರಡು ದೋಸೆ ಕಾವಲಿಗೆ ಅಂಟಿ ಹೋದವೇ, ಒಂದೊಂದಾಗಿ ನೋಡಿ. ದೊಡ್ಡ ಹೋಟೆಲುಗಳಲ್ಲಿ ಪೋರ್ಶನ್ ಕಂಟ್ರೋಲ್ ಎಂದು ಪಾಠ ಹೇಳುವುದು ಇದನ್ನೇ.

ಥರ್ಮಾಮೀಟರು ಕೊಂಡ ದಿನವೇ ಪರೀಕ್ಷಿಸಿ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿ ಅದ್ದಿದರೆ 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನಲ್ಲಿ ಮುಂಬೈ, ಪಣಜಿಯಲ್ಲಿ 100. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 98ರ ಆಸುಪಾಸಿಗೇ ನೀರು ಕುದಿಯುತ್ತದೆ, ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ಯಬೇಡಿ. 5ರಿಂದ 60 ಡಿಗ್ರಿಯ ನಡುವೆ ಕೀಟಾಣು ಬೆಳೆಯುತ್ತವೆ. ಬಿಸಿಯಾಗಿ ಇಡುವುದು 60ರ ಮೇಲಿರಬೇಕು, ಫ್ರಿಜ್ಜಿನದ್ದು 5ರ ಕೆಳಗೆ, ಡೀಪ್ ಫ್ರೀಜರ್ ಮೈನಸ್ 18. ಸಂಜೆ ನಾಲ್ಕಕ್ಕೆ ಸಾಂಬಾರಿನ ಪಾತ್ರೆಗೆ ಚುಚ್ಚಿ ನೋಡಿ, ತೆಂಗಿನಕಾಯಿ ಚಟ್ನಿಗೂ ನೋಡಿ. ಬೇಸಿಗೆಯಲ್ಲಿ ಚಟ್ನಿ ಯಾಕೆ ಎರಡು ತಾಸಿಗೆ ಹುಳಿಯುತ್ತದೆ ಎಂಬುದಕ್ಕೆ ಪುಸ್ತಕ ಬೇಕಾಗುವುದಿಲ್ಲ. ಉಳಿದ ಗ್ರೇವಿಯನ್ನು ದೊಡ್ಡ ತಪ್ಪಲೆಯಲ್ಲೇ ಫ್ರಿಜ್ಜಿಗಿಡುವುದು ಎಲ್ಲೆಡೆ ಕಾಣುವ ತಪ್ಪು. ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಸುತ್ತಲಿನ ಸಾಮಾನೂ ಬಿಸಿಯಾಗುತ್ತದೆ. ಎರಡು ಇಂಚು ಆಳದ ಟ್ರೇಗಳಿಗೆ ಹಂಚಿ, ತಣ್ಣೀರಿನ ಮೇಲಿಟ್ಟು ಆರಿಸಿ ಒಳಗಿಡಬೇಕು.

ಲಾಡ್ಜಿಂಗ್‌ನಲ್ಲಿರುವವರು ದಿನದ ರೂಮಿನ ಲೆಕ್ಕ ಬರೆಯಲಿ. 40 ರೂಮಿನಲ್ಲಿ 30 ಹೋಗಿ 75,000 ಬಂದರೆ ಆಕ್ಯುಪೆನ್ಸಿ ಶೇ. 75, ಸರಾಸರಿ ದರ 2,500, ಇರುವ ಎಲ್ಲ ರೂಮಿಗೂ ಹಂಚಿದರೆ 1,875. ಈ ಕೊನೆಯದೇ ರೆವ್‌ಪಾರ್. ದರ ಇಳಿಸಿ ಎಲ್ಲ ರೂಮು ತುಂಬಿಸಿದ ದಿನ ಇದು ಏರಿತೋ ಇಳಿಯಿತೋ ನೋಡಿದರೆ ಡಿಸ್ಕೌಂಟಿನ ಗುಣದೋಷ ತಾನೇ ತಿಳಿಯುತ್ತದೆ.

ಉಡುಪಿ ಹೋಟೆಲಿನಲ್ಲಿ ಸಿಗದ ಪಾಠ

ಹೌಸ್‌ಕೀಪಿಂಗ್, ಕಾಂಟಿನೆಂಟಲ್ ಅಡುಗೆ, ಬಾರ್ ಈ ಮೂರು ನಮ್ಮ ಬಹುತೇಕ ಹೋಟೆಲುಗಳಲ್ಲಿ ಇಲ್ಲ. ಹೌಸ್‌ಕೀಪಿಂಗ್‌ಗೆ ಪರಿಚಯದವರ ಲಾಡ್ಜಿನಲ್ಲಿ ವಾರದ ರಜೆಯ ದಿನ ನಿಂತು ಕಲಿಯಿರಿ. ಗೋವಾದಲ್ಲಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಟೆಲುಗಳಿಗೆ ಬಿಡುವಿರುತ್ತದೆ, ಹೇಳಿಕೊಡುವ ವ್ಯವಧಾನವೂ ಇರುತ್ತದೆ. ಅಕ್ಟೋಬರ್ ಬಂದ ಮೇಲೆ ಕೇಳಿದರೆ ಕಲಿಸುವುದಿಲ್ಲ, ಬಕೆಟ್ಟು ಕೈಗೆ ಕೊಡುತ್ತಾರೆ.

ಕಾಂಟಿನೆಂಟಲ್ ಅಡುಗೆಯ ಅಡಿಪಾಯ ಮನೆಯ ಒಲೆಯಲ್ಲೇ ಆಗುತ್ತದೆ. ವೈಟ್ ಸಾಸಿಗೆ ಅರ್ಧ ಲೀಟರ್ ಹಾಲು, ಬೆಣ್ಣೆ 30 ಗ್ರಾಂ, ಮೈದಾ 30 ಗ್ರಾಂ. ಬೆಣ್ಣೆ ಕರಗಿಸಿ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ, ಬಣ್ಣ ಬರಕೂಡದು. ಬಿಸಿ ಮಿಶ್ರಣಕ್ಕೆ ತಣ್ಣನೆ ಹಾಲನ್ನು ಸ್ವಲ್ಪಸ್ವಲ್ಪವೇ ಹಾಕಿ ತಿರುವಿ. ಕುದಿಯುವ ಹಾಲನ್ನು ಒಮ್ಮೆಗೇ ಸುರಿದರೆ ಹಿಟ್ಟಿನ ಹೊರಮೈ ತಕ್ಷಣ ಬೆಂದು ಒಳಗೆ ಒಣಹಿಟ್ಟು ಉಳಿದು ಗಂಟು ಕಟ್ಟುತ್ತದೆ. ಗಟ್ಟಿಯಾದ ಕೂಡಲೇ ಇಳಿಸಬೇಡಿ. ಹದಿನೈದು ನಿಮಿಷ ಸಣ್ಣಗೆ ಬೇಯದಿದ್ದರೆ ಹಸಿ ಮೈದಾ ವಾಸನೆ ಹೋಗುವುದಿಲ್ಲ.

ಚಾಕುವಿನ ಕೆಲಸಕ್ಕೆ ದಿನಕ್ಕೆ ಕಾಲು ಕಿಲೊ ಆಲೂಗಡ್ಡೆ ಸಾಕು. ಜೂಲಿಯೆನ್ ಎಂದರೆ 3 ಮಿಲಿಮೀಟರ್ ದಪ್ಪ, 4ರಿಂದ 5 ಸೆಂಟಿಮೀಟರ್ ಉದ್ದದ ಕಡ್ಡಿ. ಅದನ್ನೇ 3 ಮಿಲಿಮೀಟರ್ ಚೌಕ ಮಾಡಿದರೆ ಬ್ರುನ್ವಾ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಹತ್ತು ತುಂಡು ಅಳೆದು ನೋಡಿ. ಹೆಚ್ಚಿದ್ದೆಲ್ಲ ಮರುದಿನದ ಸಾಗುವಿಗೆ ಆಯಿತು.

ಕೈಗೆ ಸರ್ಟಿಫಿಕೇಟು

ಎಲ್ಲಕ್ಕಿಂತ ಬೇಗ ಸಿಗುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫೋಸ್ಟಾಕ್ ತರಬೇತಿ. ಕೇಟರಿಂಗ್ ವಿಭಾಗದಲ್ಲಿ ಬೇಸಿಕ್, ಅಡ್ವಾನ್ಸ್ ಎಂದು ಎರಡು ಹಂತ. ಒಂದು ದಿನದೊಳಗೆ ಮುಗಿಯುತ್ತದೆ. ಲೈಸೆನ್ಸ್ ಇರುವ ಹೋಟೆಲುಗಳಲ್ಲಿ 25 ಮಂದಿ ಆಹಾರ ಮುಟ್ಟುವ ಕೆಲಸಗಾರರಿಗೆ ಒಬ್ಬರಾದರೂ ತರಬೇತಾದ ಫುಡ್ ಸೇಫ್ಟಿ ಸೂಪರ್‌ವೈಸರ್ ಇರಬೇಕು ಎಂದಿರುವುದರಿಂದ ಸೇಠರಿಗೂ ಇದು ಬೇಕಾದದ್ದೇ. ಶುಲ್ಕ ಅವರೇ ಕೊಟ್ಟಾರು, ಕೇಳಿ ನೋಡಿ. ಎರಡು ವರ್ಷಕ್ಕೆ ಅವಧಿ ಮುಗಿಯುತ್ತದೆ. ತಾರೀಖು ಪುಸ್ತಕದಲ್ಲಿ ಬರೆದಿಡಿ.

ವರ್ಷಗಟ್ಟಲೆ ಕೆಲಸ ಮಾಡಿ ಕಾಗದವೇ ಇಲ್ಲದವರಿಗೆ ಆರ್‌ಪಿಎಲ್ ಇದೆ: ಮೊದಲೇ ಬಂದ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಕ್ರಮ. ಹೋಟೆಲ್ ಕ್ಷೇತ್ರಕ್ಕೆ ಟೂರಿಸಂ ಆ್ಯಂಡ್ ಹಾಸ್ಪಿಟಾಲಿಟಿ ಸ್ಕಿಲ್ ಕೌನ್ಸಿಲ್ ಇದನ್ನು ನೋಡಿಕೊಳ್ಳುತ್ತದೆ. ಕೈಕೆಲಸ ಮಾಡಿ ತೋರಿಸಬೇಕು, ಬಾಯಿಮಾತಿನ ಪ್ರಶ್ನೆಯೂ ಇರುತ್ತದೆ. ನಮ್ಮ ಹುಡುಗರು ಕೆಲಸದಲ್ಲಿ ಸೋಲುವುದಿಲ್ಲ. ಕೈ ತೊಳೆಯುವ ಕ್ರಮ, ಬೆಂಕಿ ಆರಿಸುವ ಸಿಲಿಂಡರಿನ ಬಗೆ, ಗಿರಾಕಿಯ ದೂರು ಬರೆದುಕೊಳ್ಳುವ ರೀತಿ ಇಂಥವನ್ನು ಮಾತಿನಲ್ಲಿ ಹೇಳಲಾಗದೆ ಅಂಕ ಕಳೆದುಕೊಳ್ಳುತ್ತಾರೆ. ಇವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ.

ಕೆಲಕಾಲ ಕೆಲಸ ಬಿಡಲು ಸಾಧ್ಯವಾದರೆ ಐಎಚ್‌ಎಂಗಳ ಮತ್ತು ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್‌ಗಳ ಕ್ರಾಫ್ಟ್ ಕೋರ್ಸುಗಳೂ ಉಂಟು. 2022ರಿಂದ ಒಂದು ರೆಗ್ಯುಲರ್ ಕೋರ್ಸಿನ ಜೊತೆ ಒಂದು ದೂರಶಿಕ್ಷಣ ಕೋರ್ಸನ್ನೂ ಮಾಡಲು ಯುಜಿಸಿ ಒಪ್ಪಿರುವುದರಿಂದ ಪದವಿ ಓದುವವರೂ ಇದನ್ನು ಸೇರಿಸಿಕೊಳ್ಳಬಹುದು.

ಗಲ್ಫ್ ಕಡೆ ಕಣ್ಣಿಟ್ಟವರಿಗೆ

ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ ಹೇಳುವುದು ನಮ್ಮ ದೇಶದ ಮಟ್ಟಿಗೆ. ಹೊರದೇಶಗಳು ತಮ್ಮದೇ ನಿಯಮ ಇಟ್ಟುಕೊಂಡಿವೆ, ಕೆಲವು ಕಡೆ ದೂರಶಿಕ್ಷಣವನ್ನು ಒಪ್ಪುವುದಿಲ್ಲ. ಆಫರ್ ಲೆಟರಿನಲ್ಲಿ ಹುದ್ದೆಗೆ ಪದವಿ ಕಡ್ಡಾಯವೇ ಎಂದು ಓದಿ ನೋಡಿ; ಕುಕ್, ವೇಟರ್, ಕ್ಯಾಪ್ಟನ್ ಹುದ್ದೆಗೆ ಅನುಭವ ಪತ್ರವೇ ಮುಖ್ಯ. ಪದವಿ ಬೇಕೆಂದರೆ ಅದಕ್ಕೆ ಅಟೆಸ್ಟೇಶನ್, ಅಂದರೆ ಕಾಗದ ಅಸಲಿ ಎಂಬ ಸರ್ಕಾರಿ ದೃಢೀಕರಣ, ಮಾಡಿಸಬೇಕು. ಒಮಾನ್, ಬಹ್ರೇನ್, 2022ರಲ್ಲಿ ಸೇರಿದ ಸೌದಿ ಅಪೊಸ್ಟಿಲ್ ಒಪ್ಪುವ ದೇಶಗಳು, ಅಂದರೆ ನಮ್ಮ ವಿದೇಶಾಂಗ ಇಲಾಖೆ ಹಾಕುವ ಆ ಮುದ್ರೆ ಸಾಕು, ದೂತಾವಾಸದ್ದು ಬೇಡ. ಉಳಿದ ಕಡೆ ರಾಜ್ಯದ ಇಲಾಖೆ, ವಿದೇಶಾಂಗ ಇಲಾಖೆ, ಆಮೇಲೆ ಆ ದೇಶದ ದೂತಾವಾಸ ಎಂಬ ಕ್ರಮ. ಅನುಭವ ಪತ್ರವನ್ನು ಹೋಟೆಲಿನ ಲೆಟರ್‌ಹೆಡ್ಡಿನಲ್ಲಿ, ಸೇರಿದ ಮತ್ತು ಬಿಟ್ಟ ತಾರೀಖು, ಹುದ್ದೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು ಸಹಿತ ಬರೆಸಿಕೊಳ್ಳಿ, ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ. ಕೆಲಸ ಬಿಡುವ ದಿನವೇ ಇದು ಕೈಗೆ ಬರಲಿ. ಹೋಟೆಲ್ ಬೇರೆಯವರ ಕೈಗೆ ಹೋದ ಮೇಲೆ ಹಳೆಯ ಸೇಠರ ಸಹಿ ಸಿಗುವುದು ಕಷ್ಟ.